ಬೆಳ್ಳಗಿರುವುದೆಲ್ಲ ಒಂದೇ ಬೆಳ್ಳಕ್ಕಿಯಲ್ಲ

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ನಮ್ಮ ಕೆರೆಗಳ ಮಟ್ಟಿಗೆ ಅದನ್ನು ಸ್ವಲ್ಪ ಬದಲಿಸಿ ಹೇಳಬಹುದು. ಬೆಳ್ಳಗಿರುವುದೆಲ್ಲ ಒಂದೇ ಬೆಳ್ಳಕ್ಕಿಯಲ್ಲ. ಕಪ್ಪಗೆ ಮುಳುಗಿ ಏಳುವುದೆಲ್ಲ ಒಂದೇ ನೀರುಕಾಗೆಯೂ ಅಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳ ಯಾವುದೇ ಊರಿನ ಕೆರೆ ಏರಿಯ ಮೇಲೆ ನಿಂತು ‘ನೀರಿನಲ್ಲಿ ಯಾವ ಹಕ್ಕಿಗಳಿವೆ?’ ಎಂದು ಮಕ್ಕಳನ್ನು ಕೇಳಿ ನೋಡಿ. ಬರುವ ಉತ್ತರ ಸಾಮಾನ್ಯವಾಗಿ ಮೂರೇ: ಕೊಕ್ಕರೆ, ನೀರುಕಾಗೆ, ಬಾತುಕೋಳಿ. ಮನೆಯಲ್ಲಿ ತೆಲುಗು ಆಡುವ ಮಕ್ಕಳಾದರೆ ‘ಕೊಂಗ’ ಎಂಬ ಒಂದೇ ಮಾತಿನಲ್ಲಿ ಉದ್ದ ಕಾಲಿನ ಹಕ್ಕಿಗಳನ್ನೆಲ್ಲ ಮುಗಿಸಿಬಿಡುತ್ತಾರೆ. ಅದೇ ಹೊತ್ತಿನಲ್ಲಿ ಅದೇ ಕೆರೆಯಲ್ಲಿ ಹತ್ತು ಹದಿನೈದು ಬಗೆಯ ಹಕ್ಕಿಗಳು ತಮ್ಮ ಪಾಡಿಗೆ ಮೇಯುತ್ತಿರಬಹುದು.

‘ಹೆಸರು ತಿಳಿದು ಏನಾಗಬೇಕು ಮೇಷ್ಟ್ರೇ, ಪರೀಕ್ಷೆಗೆ ಬರುತ್ತದೆಯೇ?’ ಎಂದು ಕೆಲವು ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪರೀಕ್ಷೆಗೆ ಬರುವುದಿಲ್ಲ. ಆದರೆ ನಮ್ಮ ಕೆರೆಯ ಸ್ಥಿತಿ ಏನು ಎಂಬ ಪ್ರಶ್ನೆಗೆ ಉತ್ತರ ಈ ಹೆಸರುಗಳಲ್ಲಿದೆ. ಒಂದೊಂದು ಹಕ್ಕಿಯೂ ಕೆರೆಯ ಒಂದೊಂದು ಭಾಗವನ್ನು ನಂಬಿ ಬದುಕುತ್ತದೆ. ಒಂದಕ್ಕೆ ಆಳದ ನೀರು, ಒಂದಕ್ಕೆ ಮೊಣಕಾಲುದ್ದದ ನೀರು, ಒಂದಕ್ಕೆ ಜೊಂಡು, ಇನ್ನೊಂದಕ್ಕೆ ಬರೀ ಕೆಸರು. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೆ ಕೆರೆ ಏನನ್ನು ಉಳಿಸಿಕೊಂಡಿದೆ, ಏನನ್ನು ಕಳೆದುಕೊಂಡಿದೆ ಎಂಬುದು ನಮಗೆ ತಿಳಿಯುವುದೇ ಇಲ್ಲ.

ನಮ್ಮ ಜಿಲ್ಲೆಗೆ ಈ ಮಾತು ಈಗ ಹೆಚ್ಚು ಅನ್ವಯಿಸುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಾಡು ನಮ್ಮದು. ಹಿರಿಯರು ಮಳೆ ನೀರನ್ನು ನಂಬಿ ಕೆರೆ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು ಕೋಲಾರ ಜಿಲ್ಲೆಯ ಕೆರೆಗಳ ಲೆಕ್ಕ ನಾಲ್ಕು ಸಾವಿರ ದಾಟಿತ್ತು. ಅವುಗಳಲ್ಲಿ ಬಹಳಷ್ಟು ವರ್ಷಗಟ್ಟಲೆ ಒಣಗಿ, ಜಾಲಿ ಬೆಳೆದು, ಆಟದ ಬಯಲುಗಳಾಗಿದ್ದವು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಮುಂದೆ ಒಂದೊಂದಾಗಿ ಇತರ ಕೆರೆಗಳಿಗೆ ಬಂತು. 2021ರ ನವೆಂಬರ್‌ನ ದೊಡ್ಡ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ಕೆರೆ ತುಂಬಿದ್ದನ್ನೇ ಕಾಣದೆ ಬೆಳೆದಿದ್ದ ಮಕ್ಕಳು ತಮ್ಮೂರಿನಲ್ಲೇ ನೀರುಹಕ್ಕಿಗಳನ್ನು ನೋಡಿದರು. ನೋಡುವುದಕ್ಕೆ ಸಿಕ್ಕಿದ್ದನ್ನು ಗುರುತಿಸುವುದನ್ನೂ ಕಲಿಯೋಣ.

ಪುಸ್ತಕ ತೆರೆಯುವ ಮೊದಲು

ಹಕ್ಕಿ ಕಂಡ ಕೂಡಲೇ ಪುಸ್ತಕದ ಹಾಳೆ ತಿರುವಬೇಡಿ, ಮೊಬೈಲ್ ಫೋನನ್ನೂ ಹೊರತೆಗೆಯಬೇಡಿ. ನೀವು ಚಿತ್ರ ಹುಡುಕಿ ತಲೆ ಎತ್ತುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಪುಸ್ತಕ ಎಲ್ಲಿಗೂ ಹಾರಿಹೋಗುವುದಿಲ್ಲ! ಮೊದಲು ಐದು ಪ್ರಶ್ನೆಗಳನ್ನು ಕೇಳಿಕೊಂಡು ಉತ್ತರವನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ.

ಒಂದು, ಗಾತ್ರ. ಸೆಂಟಿಮೀಟರಿನ ಅಂದಾಜು ಯಾರಿಗೂ ಕೈಹತ್ತುವುದಿಲ್ಲ. ಗೊತ್ತಿರುವ ಹಕ್ಕಿಯೊಂದಿಗೆ ಹೋಲಿಸಿ: ಗುಬ್ಬಚ್ಚಿ, ಮೈನಾ, ಕಾಗೆ, ನಾಟಿಕೋಳಿ. ‘ಮೈನಾಕ್ಕಿಂತ ಚಿಕ್ಕದು’, ‘ಕಾಗೆಗಿಂತ ಸ್ವಲ್ಪ ದೊಡ್ಡದು’ ಎಂದರೆ ಸಾಕು.

ಎರಡು, ಕೊಕ್ಕು. ಉದ್ದವೋ, ಮೋಟೋ? ತುದಿ ಕೊಕ್ಕೆಯಂತೆ ಬಾಗಿದೆಯೋ, ಭರ್ಜಿಯಂತೆ ಚೂಪೋ? ಬಣ್ಣ ಯಾವುದು?

ಮೂರು, ಕಾಲು ಮತ್ತು ಪಾದ. ಕಾಲಿನ ಬಣ್ಣ ಬೇರೆ, ಪಾದದ ಬಣ್ಣ ಬೇರೆ ಇರಬಹುದು. ಹಕ್ಕಿ ನೀರಿನಲ್ಲಿ ನಿಂತಿದ್ದರೆ ಅದು ಹೆಜ್ಜೆ ಎತ್ತುವವರೆಗೆ ಕಾಯಿರಿ.

ನಾಲ್ಕು, ಕೆಲಸ. ಓಡುತ್ತಿದೆಯೇ, ಕದಲದೆ ನಿಂತಿದೆಯೇ, ಮುಳುಗುತ್ತಿದೆಯೇ, ಬಾಲ ಕುಣಿಸುತ್ತಿದೆಯೇ?

ಐದು, ಜಾಗ. ನಡುನೀರೇ, ಜೊಂಡಿನ ಅಂಚೇ, ಕೆಸರೇ, ಕೆರೆಯ ಹಿಂದಿನ ಹೊಲವೇ?

ಈ ಪಟ್ಟಿಯಲ್ಲಿ ಮೈಬಣ್ಣ ಇಲ್ಲದಿರುವುದನ್ನು ಗಮನಿಸಿದಿರಾ? ಬಣ್ಣವನ್ನು ಬರೆದುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಬಣ್ಣ ಮೋಸ ಮಾಡುವಷ್ಟು ಬೇರೇನೂ ಮಾಡುವುದಿಲ್ಲ. ಸೂರ್ಯ ನಿಮ್ಮ ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪು. ಆದ್ದರಿಂದ ಬೆಳಗ್ಗೆ ಏರಿಯ ಮೇಲೆ ಎಲ್ಲಿ ನಿಂತರೆ ಸೂರ್ಯ ಬೆನ್ನಿಗೆ ಬರುತ್ತಾನೆ ಎಂದು ಮೊದಲು ನೋಡಿಕೊಳ್ಳಿ. ಹೊತ್ತೇರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಅಲುಗಾಡಿ ದೂರದ ಹಕ್ಕಿ ಸ್ಪಷ್ಟವಾಗಿ ಕಾಣುವುದಿಲ್ಲ. ಬೆಳಗಿನ ಆರೂವರೆಯಿಂದ ಒಂಬತ್ತರ ಒಳಗೆ ಕೆಲಸ ಮುಗಿಸುವುದು ಮೇಲು.

ಬಿಳಿಯ ನಾಲ್ವರು

ನಮ್ಮ ಕಡೆ ಬೆಳ್ಳಗೆ ಕಾಣುವ ಬೆಳ್ಳಕ್ಕಿಗಳು ನಾಲ್ಕು. (‘ಕೊಕ್ಕರೆ’ ಎಂಬ ಹೆಸರು ಪುಸ್ತಕಗಳಲ್ಲಿ ಬಣ್ಣದ ಕೊಕ್ಕರೆ, ಬಾಯಿಕಳಕ ಇರುವ ಬೇರೆ ಕುಟುಂಬಕ್ಕೆ ಸೇರಿದೆ. ಹಾರುವಾಗ ನೋಡಿ: ಕೊಕ್ಕರೆ ಕುತ್ತಿಗೆಯನ್ನು ಮುಂದಕ್ಕೆ ನೀಡಿ ಹಾರುತ್ತದೆ, ಬೆಳ್ಳಕ್ಕಿ ಮಡಚಿಕೊಂಡು ಹಾರುತ್ತದೆ.)

ಮೊದಲನೆಯದು ಗೋವಕ್ಕಿ. ನಾಲ್ವರಲ್ಲಿ ಎಲ್ಲಕ್ಕಿಂತ ಚಿಕ್ಕದು, ಸುಮಾರು 50 ಸೆಂಟಿಮೀಟರ್. ಮೋಟು ಹಳದಿ ಕೊಕ್ಕು, ಗಿಡ್ಡ ದಪ್ಪ ಕುತ್ತಿಗೆ, ಗಲ್ಲದ ಕೆಳಗೆ ಊದಿಕೊಂಡಂತೆ ಕಾಣುವ ಗರಿ. ಇದು ನೀರಿನಲ್ಲಿ ಮೀನು ಹಿಡಿಯುವುದಕ್ಕಿಂತ ದನದ ಕಾಲ ಬಳಿ, ಟೊಮೆಟೊ ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಹುಳ, ಮಿಡತೆ ಹಿಡಿಯುವುದೇ ಹೆಚ್ಚು. ಮರಿ ಮಾಡುವ ಕಾಲದಲ್ಲಿ ತಲೆ, ಕುತ್ತಿಗೆ, ಬೆನ್ನು ಹೊಂಬಣ್ಣಕ್ಕೆ ತಿರುಗುತ್ತವೆ. ಆಗ ಅದನ್ನು ಗುರುತಿಸುವುದು ಎಳೆ ಮಕ್ಕಳಿಗೂ ಸುಲಭ.

ಎರಡನೆಯದು ಸಣ್ಣ ಬೆಳ್ಳಕ್ಕಿ. ಸುಮಾರು 60 ಸೆಂಟಿಮೀಟರ್, ತೆಳ್ಳನೆಯ ಮೈ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಕರಿ ಪ್ಯಾಂಟಿಗೆ ಹಳದಿ ಚಪ್ಪಲಿ ಹಾಕಿದಂತೆ! ತಿಳಿನೀರಿನಲ್ಲಿ ಪಾದವನ್ನು ಅಲುಗಿಸಿ ಕೆಸರು ಕದಡಿ, ಹೆದರಿ ಹೊರಬಂದ ಮೀನುಮರಿಯನ್ನು ಹಿಡಿಯುತ್ತದೆ. ಓಡಾಟ, ಚುರುಕುತನ ಇದರ ಗುಣ. ಮರಿ ಮಾಡುವ ಕಾಲದಲ್ಲಿ ತಲೆಯ ಹಿಂದೆ ಎರಡು ಉದ್ದ ಗರಿಗಳು ಜೋತಾಡುತ್ತವೆ.

ಮೂರನೆಯದು ಮಧ್ಯಮ ಬೆಳ್ಳಕ್ಕಿ, ನಾಲ್ಕನೆಯದು ದೊಡ್ಡ ಬೆಳ್ಳಕ್ಕಿ. ಗೊಂದಲ ಹುಟ್ಟುವುದು ಇವೆರಡರ ನಡುವೆ. ಎರಡಕ್ಕೂ ಕೊಕ್ಕು ಹಳದಿ. ಕಾಲು, ಪಾದ ಕಪ್ಪು. ಗಾತ್ರದಲ್ಲಿ ದೊಡ್ಡದು 90 ಸೆಂಟಿಮೀಟರಿನ ಆಚೀಚೆ, ಮಧ್ಯಮ 70ರ ಸುಮಾರು. ಪಕ್ಕಪಕ್ಕ ನಿಂತಾಗ ವ್ಯತ್ಯಾಸ ಗೊತ್ತಾಗುತ್ತದೆ. ಒಂದೇ ಹಕ್ಕಿ ಒಂಟಿಯಾಗಿ ನಿಂತರೆ? ಆಗ ಬಾಯಿಯ ಗೀಟನ್ನು ನೋಡಬೇಕು. ಕೊಕ್ಕು ಎರಡಾಗಿ ಸೀಳುವ ಗೆರೆ ಮುಖದ ಮೇಲೆ ಹಿಂದಕ್ಕೆ ಹೋಗುತ್ತದಲ್ಲ, ಅದು ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡದು. ಇದಲ್ಲದೆ ದೊಡ್ಡ ಬೆಳ್ಳಕ್ಕಿಯ ಕುತ್ತಿಗೆ ತೀರ ಉದ್ದ. ನಡುವೆ ಮುರಿದು ಜೋಡಿಸಿದಂತೆ ಒಂದು ಕೋನ ಕಾಣುತ್ತದೆ. ಮಧ್ಯಮದ ಕುತ್ತಿಗೆ ಅಷ್ಟು ಉದ್ದವಲ್ಲ. ಬಾಗು ನಯವಾಗಿರುತ್ತದೆ, ತಲೆ ದುಂಡಗೆ ಕಾಣುತ್ತದೆ.

ಈಗ ಒಂದು ಎಚ್ಚರಿಕೆ. ಮರಿ ಮಾಡುವ ಕಾಲದಲ್ಲಿ ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಗಳ ಹಳದಿ ಕೊಕ್ಕು ಕಪ್ಪಾಗುತ್ತದೆ. ‘ಕಪ್ಪು ಕೊಕ್ಕು ಎಂದರೆ ಸಣ್ಣ ಬೆಳ್ಳಕ್ಕಿ’ ಎಂದು ಉರು ಹೊಡೆದವರು ಆಗ ಎಡವುತ್ತಾರೆ. ಪಾದ ನೋಡಿದವರು ಎಡವುವುದಿಲ್ಲ. ಏಕೆಂದರೆ ಹಳದಿ ಪಾದ ಸಣ್ಣ ಬೆಳ್ಳಕ್ಕಿಗೆ ಮಾತ್ರ. ಒಂದೇ ಗುರುತನ್ನು ನಂಬಬಾರದು, ಎರಡಾದರೂ ಕೂಡಿಬರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇವರ ನಡುವೆ ಇನ್ನೊಬ್ಬ ಇದ್ದಾನೆ: ಕೊಳದ ಬಕ. ದಡದಲ್ಲಿ ಮಣ್ಣಿನ ಬಣ್ಣದ ಗೀಟು ಮೈಯಿಂದ ಕಾಣದಂತೆ ಕುಳಿತಿರುತ್ತದೆ. ನೀವು ಹತ್ತಿರ ಹೋದಾಗ ಥಟ್ಟನೆ ಎದ್ದು ಹಾರಿದರೆ ರೆಕ್ಕೆ, ಬಾಲವೆಲ್ಲ ಅಚ್ಚ ಬಿಳಿ. ಹಾರುವುದನ್ನಷ್ಟೇ ಕಂಡವರು ಅದನ್ನೂ ಬೆಳ್ಳಕ್ಕಿಗಳ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಬೆನ್ನು ಕಂದೋ ಬಿಳಿಯೋ ಎಂದು ನೋಡಿದರೆ ಗೊಂದಲ ಮುಗಿಯಿತು.

ಬೆಳ್ಳಕ್ಕಿಗಳ ಆ ತೆಳುಗರಿಗಳಿಗೆ ಒಂದು ದುಃಖದ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪ್ ಮತ್ತು ಅಮೆರಿಕದ ಹೆಂಗಸರ ಟೋಪಿಗಳಿಗೆ ಸಿಕ್ಕಿಸಲು ಈ ಗರಿಗಳು ಬೇಕಾಗಿದ್ದವು. ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ. ಆದ್ದರಿಂದ ತಾಯಿ ಹಕ್ಕಿ ಸತ್ತರೆ ಗೂಡಿನ ಮರಿಗಳೂ ಸಾಯುತ್ತಿದ್ದವು. ಇದನ್ನು ವಿರೋಧಿಸಿ 1889ರಲ್ಲಿ ಇಂಗ್ಲೆಂಡಿನಲ್ಲಿ ಕೆಲವು ಮಹಿಳೆಯರು ಕಟ್ಟಿದ ಸಂಘವೇ ಮುಂದೆ ಆ ದೇಶದ ಅತಿ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆಯಾಯಿತು.

ಕಪ್ಪು ಮುಳುಗುಗಾರರು

ನೀರಿನ ನಡುವೆ ಒಣಗಿದ ಜಾಲಿ ಮರವಿದ್ದರೆ ಅದರ ಮೇಲೆ ಕಪ್ಪು ಹಕ್ಕಿಗಳು ರೆಕ್ಕೆ ಹರಡಿ, ಹಗ್ಗದ ಮೇಲೆ ಅಂಗಿ ಒಣಹಾಕಿದಂತೆ ಕುಳಿತಿರುವುದನ್ನು ನೋಡಿದ್ದೀರಿ. ಇವು ನೀರುಕಾಗೆಗಳು. ಹೆಸರಿನಲ್ಲಿ ಕಾಗೆ ಇದ್ದರೂ ಕಾಗೆಗೂ ಇವಕ್ಕೂ ನಂಟಿಲ್ಲ. ಮೈಯಲ್ಲಿ ಎಣ್ಣೆಗ್ರಂಥಿಯೇ ಇಲ್ಲದ್ದರಿಂದ ಇವು ರೆಕ್ಕೆ ಒಣಗಿಸುತ್ತವೆ ಎಂದು ಹಲವರು ಹೇಳುವುದುಂಟು. ಅದು ತಪ್ಪು. ಗ್ರಂಥಿ ಇದೆ. ಆದರೆ ಗರಿಗಳ ಹೊರ ಅಂಚು ನೀರು ಹೀರಿಕೊಳ್ಳುವ ರಚನೆಯದು. ಗರಿಯಲ್ಲಿ ಗಾಳಿ ಕಡಿಮೆ ನಿಂತರೆ ಮೈ ತೇಲುವುದು ಕಡಿಮೆ, ಮುಳುಗುವುದು ಸುಲಭ. ಬಾತುಕೋಳಿ ಬೆಂಡಿನಂತೆ ತೇಲುತ್ತದೆ. ನೀರುಕಾಗೆ ಅರ್ಧ ಮುಳುಗಿದ ದೋಣಿಯಂತೆ ಈಜುತ್ತದೆ. ದೂರದಿಂದಲೇ ಇವೆರಡನ್ನು ಬೇರೆ ಮಾಡಲು ಇದೊಂದು ಗುರುತು ಸಾಕು.

ನೀರುಕಾಗೆಗಳಲ್ಲಿ ಮೂರು ಬಗೆ. ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಕಾಣುವುದು ಪುಟ್ಟ ನೀರುಕಾಗೆ. ಸುಮಾರು 50 ಸೆಂಟಿಮೀಟರ್. ಕಾಗೆಗಿಂತ ಸ್ವಲ್ಪ ದೊಡ್ಡದು. ಕೊಕ್ಕು ಮೋಟು, ಹಣೆ ಎದ್ದು ನಿಂತಂತೆ, ತಲೆ ದುಂಡಗೆ, ಬಾಲ ಮೈಯ ಅಳತೆಗೆ ಉದ್ದ. ಭಾರತೀಯ ನೀರುಕಾಗೆ ಇದಕ್ಕಿಂತ ಉದ್ದ. ಕೊಕ್ಕು ತೆಳ್ಳಗೆ ನೀಳವಾಗಿದ್ದು ತುದಿ ಬಾಗಿರುತ್ತದೆ. ಹಣೆ ಚಪ್ಪಟೆಯಾಗಿ ಕೊಕ್ಕಿನೊಂದಿಗೆ ಇಳಿಜಾರಾಗಿ ಸೇರುತ್ತದೆ. ಬೆಳಕು ಚೆನ್ನಾಗಿದ್ದು ದುರ್ಬೀನು ಇದ್ದರೆ ಹಸಿರು–ನೀಲಿ ಕಣ್ಣು ಹೊಳೆಯುವುದು ಕಾಣುತ್ತದೆ. ದೊಡ್ಡ ನೀರುಕಾಗೆ 80 ಸೆಂಟಿಮೀಟರ್ ಮೀರಿದ ದಡೂತಿ ಹಕ್ಕಿ. ದಪ್ಪ ಕುತ್ತಿಗೆ, ದಪ್ಪ ಕೊಕ್ಕು, ಕೊಕ್ಕಿನ ಬುಡದಲ್ಲಿ ಹಳದಿ ಚರ್ಮ, ಅದರ ಹಿಂದೆ ಬಿಳಿ. ಮರಿ ಮಾಡುವ ಕಾಲದಲ್ಲಿ ತೊಡೆಯ ಮೇಲೆ ಬಿಳಿ ಮಚ್ಚೆ ಮೂಡುತ್ತದೆ.

ಮರದ ತುದಿಯಲ್ಲಿ ಒಂಟಿಯಾಗಿ ಕುಳಿತ ಹಕ್ಕಿ ಯಾವಾಗಲೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ‘ದೊಡ್ಡ ನೀರುಕಾಗೆ’ ಎಂದು ಬರೆಯುವ ಮೊದಲು ಹತ್ತಿರದಲ್ಲಿ ಇನ್ನೊಂದು ಹಕ್ಕಿ ಬಂದು ಕೂರುವವರೆಗೆ ತಾಳ್ಮೆ ಇರಲಿ. ತಲೆಯ ಆಕಾರ ನೋಡಿ. ಅದು ದೂರಕ್ಕೂ ಬದಲಾಗುವುದಿಲ್ಲ.

ಈ ಗುಂಪಿನ ನಡುವೆ ಬೆರೆತಿರುವ ನಾಲ್ಕನೆಯವನು ಹಾವಕ್ಕಿ. ಇದೂ ರೆಕ್ಕೆ ಹರಡುತ್ತದೆ, ಇದೂ ಮುಳುಗುತ್ತದೆ. ಆದರೆ ಈಜುವಾಗ ಮೈಯೆಲ್ಲ ನೀರೊಳಗೆ. ಉದ್ದ ಕುತ್ತಿಗೆ ಮಾತ್ರ ಹಾವಿನಂತೆ ಮೇಲೆ ಆಡುತ್ತದೆ. ಕೊಕ್ಕನ್ನು ನೋಡಿ. ನೀರುಕಾಗೆಯದು ತುದಿಯಲ್ಲಿ ಕೊಕ್ಕೆ, ಹಾವಕ್ಕಿಯದು ಸೂಜಿಯಂತೆ ನೇರ. ಕೊಕ್ಕೆಯವನು ಮೀನನ್ನು ಕಚ್ಚಿ ಹಿಡಿಯುತ್ತಾನೆ, ಸೂಜಿಯವನು ಚುಚ್ಚಿ ಹಿಡಿಯುತ್ತಾನೆ. ಮೀನನ್ನು ಮೇಲೆ ತಂದು ಗಾಳಿಗೆ ಎಸೆದು, ತಲೆ ಮುಂದಾಗಿ ನುಂಗುವ ಹಾವಕ್ಕಿಯನ್ನು ಒಮ್ಮೆ ನೋಡಿದರೆ ಈ ವ್ಯತ್ಯಾಸ ಮರೆಯುವುದಿಲ್ಲ.

ನಾಮದ ಕೋಳಿ ಬಾತುಕೋಳಿಯಲ್ಲ

ತುಂಬಿದ ಕೆರೆಯ ನಡುನೀರಿನಲ್ಲಿ ಕರಿಬೂದಿ ಬಣ್ಣದ ಹಕ್ಕಿಗಳು ಗುಂಪಾಗಿ ತೇಲುತ್ತಿದ್ದರೆ ಊರಿನವರು ‘ಬಾತುಕೋಳಿ ಬಂದಿವೆ’ ಎನ್ನುತ್ತಾರೆ. ಕೊಕ್ಕು ನೋಡಿ. ಬಾತಿನ ಕೊಕ್ಕು ಚಪ್ಪಟೆ. ಇದರದು ಕೋಳಿಯಂತೆ ಚೂಪು, ಅಚ್ಚ ಬಿಳಿ, ಮತ್ತು ಆ ಬಿಳಿ ಹಣೆಯ ಮೇಲಕ್ಕೂ ಏರಿದೆ. ಅದಕ್ಕೇ ನಮ್ಮವರು ‘ನಾಮದ ಕೋಳಿ’ ಎಂದು ಹೆಸರಿಟ್ಟರು. ಎಷ್ಟು ಸರಿಯಾಗಿ ನೋಡಿ ಇಟ್ಟ ಹೆಸರು!

ಅದರ ದಾಯಾದಿ ನೀರುಕೋಳಿ. ಅದೂ ಕಪ್ಪು, ಆದರೆ ಹಣೆ ಮತ್ತು ಕೊಕ್ಕು ಕೆಂಪು, ಕೊಕ್ಕಿನ ತುದಿ ಹಳದಿ. ಪಕ್ಕೆಯುದ್ದಕ್ಕೂ ಒಂದು ಬಿಳಿ ಗೆರೆ. ಬಾಲ ಎತ್ತಿದರೆ ಕೆಳಗೆ ಎರಡು ಬಿಳಿ ಪಟ್ಟಿ. ನಾಮದ ಕೋಳಿ ನಡುನೀರಿನವನು, ನೀರುಕೋಳಿ ಜೊಂಡಿನ ಅಂಚಿನವನು. ಇಬ್ಬರ ಕಾಲ್ಬೆರಳೂ ಇದನ್ನೇ ಹೇಳುತ್ತವೆ. ನಾಮದ ಕೋಳಿಯ ಬೆರಳುಗಳ ಪಕ್ಕದಲ್ಲಿ ಎಲೆಯಂತೆ ಅಗಲವಾದ ಚರ್ಮದ ಹಾಲೆಗಳಿವೆ. ಹುಟ್ಟು ಹಾಕಲು ಅನುಕೂಲ. ನೀರುಕೋಳಿಯ ಬೆರಳು ಬರೀ ಉದ್ದ. ಜೊಂಡು, ತೇಲುವ ಎಲೆಗಳ ಮೇಲೆ ನಡೆಯಲು ಅನುಕೂಲ. ಎಳೆಯ ನೀರುಕೋಳಿಗೆ ಕೆಂಪು ಹಣೆ ಇರುವುದಿಲ್ಲ, ಮೈ ಕಂದು. ಆಗಲೂ ಪಕ್ಕೆಯ ಗೆರೆ, ಬಾಲದಡಿಯ ಬಿಳಿ ಕೈಬಿಡುವುದಿಲ್ಲ.

ಇನ್ನು ‘ಬಾತುಮರಿ’ ಎಂದು ಕರೆಸಿಕೊಳ್ಳುವ ಗುಳುಮುಳುಕ. ಬಾಲವೇ ಇಲ್ಲವೆನ್ನುವಂತೆ ಮೊಂಡಾದ ಹಿಂಭಾಗ, ಚೂಪಾದ ಪುಟ್ಟ ಕೊಕ್ಕು. ನೀವು ನೋಡುತ್ತಿದ್ದಂತೆ ಗುಳುಂ ಎಂದು ಮುಳುಗಿ ಎಲ್ಲೋ ಏಳುತ್ತದೆ. ಅದು ಯಾರ ಮರಿಯೂ ಅಲ್ಲ. ಬೆಳೆದರೂ ಅದರ ಗಾತ್ರ ಅಷ್ಟೇ.

ಕೆಸರಿನ ಅಂಚಿನ ಮೂವರು

ಈಗ ಸ್ವಲ್ಪ ಕಷ್ಟದ ಪಾಠ. ಹತ್ತನೆಯ ತರಗತಿಯವರು ಪ್ರಯತ್ನಿಸಿ. ಆಗಸ್ಟ್ ಕಳೆಯುತ್ತಿದ್ದಂತೆ ನಮ್ಮ ಕೆರೆಗಳ ಕೆಸರಿನ ಅಂಚಿಗೆ ಮೈನಾಕ್ಕಿಂತ ಚಿಕ್ಕದಾದ, ಉದ್ದ ಕೊಕ್ಕಿನ, ಮೇಲೆ ಕಂದು ಕೆಳಗೆ ಬಿಳಿಯಾದ ಗದ್ದೆಗೊರವಗಳು ಬರುತ್ತವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇವು ಕಾಮನ್, ಗ್ರೀನ್ ಮತ್ತು ವುಡ್ ಸ್ಯಾಂಡ್‌ಪೈಪರ್. ಮೂರರ ಗಾತ್ರವೂ 20 ಸೆಂಟಿಮೀಟರಿನ ಆಚೀಚೆ.

ಕಾಮನ್: ಎದೆಯ ಪಕ್ಕದಲ್ಲಿ ಬಿಳಿ ಬಣ್ಣ ರೆಕ್ಕೆಯ ಮುಂದೆ ಬೆಣೆಯಂತೆ ಮೇಲಕ್ಕೆ ಏರಿರುತ್ತದೆ. ಹಿಂಭಾಗವನ್ನು ಸದಾ ಮೇಲೆ ಕೆಳಗೆ ಕುಣಿಸುತ್ತದೆ. ಹಾರುವಾಗ ನೀರಿಗೆ ತಾಗುವಷ್ಟು ತಗ್ಗಿನಲ್ಲಿ, ರೆಕ್ಕೆಯನ್ನು ಬಿಗಿಯಾಗಿ ಪಟಪಟಿಸಿ ಹಾರುತ್ತದೆ. ರೆಕ್ಕೆಯ ಉದ್ದಕ್ಕೆ ಬಿಳಿ ಗೆರೆ ಕಾಣುತ್ತದೆ.

ಗ್ರೀನ್: ಬೆನ್ನು ತೀರ ಗಾಢ. ಹಾರಿದಾಗ ರೆಕ್ಕೆ ಮೇಲೂ ಕೆಳಗೂ ಕಪ್ಪು, ಬಾಲದ ಬುಡ ಮಾತ್ರ ಹಾಲಿನಂತೆ ಬಿಳಿ. ಬಿಳಿ ಹುಬ್ಬು ಕಣ್ಣಿನ ಮುಂದಷ್ಟೇ.

ವುಡ್: ಬೆನ್ನಿನ ತುಂಬ ತಿಳಿ ಚುಕ್ಕೆ, ಹಳದಿ ಛಾಯೆಯ ಕಾಲು. ಬಿಳಿ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಹಾರಿದಾಗ ರೆಕ್ಕೆಯ ಕೆಳಭಾಗ ತಿಳಿ.

ಗ್ರೀನ್ ಮತ್ತು ವುಡ್ ಬರುವುದು ಉತ್ತರ ಯುರೋಪ್ ಮತ್ತು ಸೈಬೀರಿಯಾದ ಕಾಡಿನ ಜೌಗು ನೆಲಗಳಿಂದ. ಗ್ರೀನ್ ಸ್ಯಾಂಡ್‌ಪೈಪರ್ ಅಲ್ಲಿ ಮರದ ಮೇಲೆ ಬೇರೆ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ! ಅಷ್ಟು ದೂರದಿಂದ ಹಾರಿ ಬರುವ ಹಕ್ಕಿಗೆ ನಮ್ಮ ಕೆರೆಯಲ್ಲಿ ಬೇಕಾಗಿರುವುದು ಎರಡು ಬೆರಳು ಆಳದ ನೀರು ಮತ್ತು ಹುಳುವಿರುವ ಕೆಸರು.

ಹೆಸರು ತಿಳಿದರೆ ಕೆರೆ ತಿಳಿಯುತ್ತದೆ

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಹಿಂದೆ ಬೇಸಿಗೆಯಲ್ಲಿ ಎತ್ತಿನ ಗಾಡಿ ಇಳಿಸಿ ಕೆರೆ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ತೆಳುವಾಗಿ ಕೆರೆದು ತೆಗೆಯುತ್ತಿದ್ದ ಕಾರಣ ಕೆರೆಯ ಇಳಿಜಾರು ಹಾಗೇ ಉಳಿಯುತ್ತಿತ್ತು. ಈಗ ಜೆಸಿಬಿ ಯಂತ್ರ ಒಂದು ವಾರದಲ್ಲಿ ಬಾವಿಯಂಥ ಗುಂಡಿ ತೋಡುತ್ತದೆ. ಅಂಚು ಗೋಡೆಯಂತೆ ಕಡಿದಾದರೆ ತೆಳುನೀರೂ ಇಲ್ಲ, ಕೆಸರೂ ಇಲ್ಲ. ಅಂಥ ಕೆರೆಯಲ್ಲಿ ನೀರು ತುಂಬಿದ್ದರೂ ಉಳಿಯುವುದು ನೀರುಕಾಗೆ, ನಾಮದ ಕೋಳಿಗಳಂಥ ಆಳದವರು. ಸಣ್ಣ ಬೆಳ್ಳಕ್ಕಿ ಕಡಿಮೆಯಾಗುತ್ತದೆ, ಗದ್ದೆಗೊರವ ಇಳಿಯುವುದೇ ಇಲ್ಲ. ‘ಕೆರೆ ತುಂಬ ಹಕ್ಕಿ ಇವೆ’ ಎಂದಷ್ಟೇ ಬರೆದರೆ ಈ ನಷ್ಟ ಕಾಣುವುದಿಲ್ಲ. ಯಾವ ಯಾವ ಹಕ್ಕಿ ಎಷ್ಟೆಷ್ಟು ಎಂದು ಎರಡು ವರ್ಷ ಬರೆದಿಟ್ಟವರಿಗೆ ಕಾಣುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಕೆರೆಗೆ ಹರಿದು ಬಂದಿರುವ ಸಂಸ್ಕರಿತ ನೀರಿನ ಬಗ್ಗೆ ನಮ್ಮಲ್ಲಿ ಚರ್ಚೆ ಇದೆ. ‘ಹಕ್ಕಿಗಳು ಬಂದಿವೆ, ಆದ್ದರಿಂದ ನೀರು ಶುದ್ಧ’ ಎಂದು ಕೆಲವರು ವಾದಿಸುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳು ಈ ತರ್ಕವನ್ನು ಒಪ್ಪಬಾರದು. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಚರಂಡಿ ನೀರು ನಿಲ್ಲುವ ಕಡೆಯೂ ನೂರಾರು ಸಂಖ್ಯೆಯಲ್ಲಿ ಸೇರುತ್ತದೆ. ನೀರಿನಲ್ಲಿ ಸಾರಜನಕ, ರಂಜಕದ ಅಂಶ ಹೆಚ್ಚಾದರೆ ಅಂತರಗಂಗೆ ಗಿಡ ಹಬ್ಬುತ್ತದೆ. ಆಗ ಎಲೆಯ ಮೇಲೆ ನಡೆಯುವ ನೀರುಕೋಳಿ, ನೇರಳೆ ಜಂಬುಕೋಳಿಗಳಿಗೆ ಅನುಕೂಲ. ಬಯಲು ನೀರು ಬೇಕಾದ ನೀರುಕಾಗೆಗಳಿಗೆ ಅನನುಕೂಲ. ಹಕ್ಕಿ ನೀರಿನ ಪ್ರಯೋಗಾಲಯವಲ್ಲ. ಕುಡಿಯಬಹುದೇ ಇಲ್ಲವೇ ಎಂಬುದನ್ನು ರಾಸಾಯನಿಕ ಪರೀಕ್ಷೆಯೇ ಹೇಳಬೇಕು. ಆದರೆ ಒಂದು ಬಗೆಯ ಹಕ್ಕಿ ಏರಿ ಇನ್ನೊಂದು ಬಗೆ ಇಳಿದರೆ ‘ಇಲ್ಲಿ ಏನೋ ಬದಲಾಗಿದೆ, ಬಂದು ಪರೀಕ್ಷಿಸಿ’ ಎಂದು ಕೇಳಲು ನಮಗೆ ಆಧಾರ ಸಿಗುತ್ತದೆ.

ಇಂಥ ಲೆಕ್ಕ ಒಬ್ಬಿಬ್ಬರ ಹವ್ಯಾಸವಲ್ಲ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಅದರಲ್ಲಿ ಎಣಿಸುವವರು ಬಹುಮಟ್ಟಿಗೆ ಸ್ವಯಂಸೇವಕರು. ಅಲ್ಲಿಯೂ ‘ಬಗೆ ಗೊತ್ತಾಗದ ಬೆಳ್ಳಕ್ಕಿ’, ‘ಬಗೆ ಗೊತ್ತಾಗದ ನೀರುಕಾಗೆ’ ಎಂದು ಬರೆಯಲು ಅವಕಾಶವಿದೆ. ಊಹಿಸಿ ಬರೆದ ಹೆಸರಿಗಿಂತ ‘ಗೊತ್ತಾಗಲಿಲ್ಲ’ ಎಂಬ ಬರಹಕ್ಕೆ ಹೆಚ್ಚು ಬೆಲೆ.

ಪೋಷಕರಿಗೆ ಒಂದು ಮಾತು

ದುರ್ಬೀನು ಇಲ್ಲವೆಂದು ಮಕ್ಕಳನ್ನು ನಿರಾಶೆಗೊಳಿಸಬೇಡಿ. ಗೋವಕ್ಕಿ, ಸಣ್ಣ ಬೆಳ್ಳಕ್ಕಿ, ಪುಟ್ಟ ನೀರುಕಾಗೆ, ನಾಮದ ಕೋಳಿ ಇವನ್ನೆಲ್ಲ ಬರಿಗಣ್ಣಿಗೇ ಕಲಿಯಬಹುದು. ಸಲೀಂ ಅಲಿ ಅವರ ಭಾರತದ ಪಕ್ಷಿಗಳ ಪುಸ್ತಕ 1941ರಿಂದ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿದೆ. ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿಸಿದರೆ ಇಡೀ ಊರಿಗೆ ಆಗುತ್ತದೆ.

ಆದರೆ ಮಕ್ಕಳನ್ನು ಒಂಟಿಯಾಗಿ ಕೆರೆಗೆ ಕಳುಹಿಸಬೇಡಿ. ಮಣ್ಣು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಎರಡಾಳು ಆಳವಿರಬಹುದು. ಈಜು ಬಂದರೂ ಕೆಸರು ಬಿಡುವುದಿಲ್ಲ. ನೋಡುವುದೆಲ್ಲ ಏರಿಯ ಮೇಲಿನಿಂದ, ದೊಡ್ಡವರ ಜೊತೆಯಲ್ಲಿ. ಚಿತ್ರಕ್ಕಾಗಿ ನೀರಿಗಿಳಿಯುವುದು ಬೇಡ. ಗೂಡಿನ ಹತ್ತಿರ ಹೋಗುವುದೂ ಬೇಡ. ಮೊಟ್ಟೆ ತೆಗೆಯುವುದು, ಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಈ ತಿಂಗಳ ಕೆಲಸ

ನಿಮ್ಮ ಊರಿಗೆ ಹತ್ತಿರದ ಒಂದೇ ಒಂದು ಕೆರೆಯನ್ನು ಆರಿಸಿಕೊಳ್ಳಿ. ಕೋಲಾರದವರಿಗೆ ಕೋಲಾರಮ್ಮನ ಕೆರೆ ಇದೆ. ಉಳಿದ ತಾಲ್ಲೂಕಿನವರಿಗೆ ಅವರವರ ಊರ ಕೆರೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಗ್ಗೆ, ಏರಿಯ ಮೇಲೆ ಅದೇ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿ. ನೋಟ್‌ಬುಕ್ಕಿನಲ್ಲಿ ಆರು ಕಾಲಂ ಹಾಕಿ: ದಿನಾಂಕ ಮತ್ತು ವೇಳೆ, ನೀರಿನ ಮಟ್ಟ, ಹಕ್ಕಿ, ಸಂಖ್ಯೆ, ನಾನು ನೋಡಿದ ಗುರುತು, ಗೊತ್ತಾಗದ್ದು. ಐದನೆಯ ಕಾಲಂ ಖಾಲಿ ಬಿಟ್ಟು ಮೂರನೆಯದನ್ನು ತುಂಬಬಾರದು, ಇದೇ ನಿಯಮ. ‘ಸಣ್ಣ ಬೆಳ್ಳಕ್ಕಿ’ ಎಂದು ಬರೆದರೆ ಪಕ್ಕದಲ್ಲಿ ‘ಹಳದಿ ಪಾದ ಕಂಡೆ’ ಎಂದಿರಬೇಕು.

ಆರನೆಯ ಕಾಲಂ ಮೊದಲ ತಿಂಗಳು ತುಂಬಿ ತುಳುಕುತ್ತದೆ. ಗಾಬರಿ ಬೇಡ. ಅದನ್ನು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ, ಅವರಿಗೂ ಗೊತ್ತಾಗದಿದ್ದರೆ ಇಬ್ಬರೂ ಸೇರಿ ಪುಸ್ತಕ ನೋಡಿ.

ಮುಂದಿನ ವಾರ: ಚಳಿಗಾಲದ ನಿಜವಾದ ಬಾತುಕೋಳಿಗಳು.